ಕೀ ಆನ್ಸರ್ ಬರುವ ಮೊದಲು

ಬಾಗಳಿಯ ಮಕ್ಕಳೇ, ಪಿ.ಡಿ.ಒ., ಪಿ.ಎಸ್.ಐ., ಕೆ.ಪಿ.ಎಸ್.ಸಿ. ಎಂದು ಹಗಲಿರುಳು ಓದುವ ನಿಮ್ಮನ್ನು ಕಂಡರೆ ನನಗೆ ಹೆಮ್ಮೆ. ಆದರೆ ಒಂದು ಮಾತು ಹೇಳಲೇಬೇಕು. ಧಾರವಾಡದಿಂದ ಬಂದ ಯಾರದೋ ನೋಟ್ಸನ್ನು ಜೆರಾಕ್ಸ್ ಮಾಡಿಸುತ್ತೀರಿ, ಅಡಿಗೆರೆ ಎಳೆಯುತ್ತೀರಿ, ಬಾಯಿಪಾಠ ಮಾಡುತ್ತೀರಿ. ಪರೀಕ್ಷೆ ಮುಗಿದ ಸಂಜೆಯಿಂದಲೇ ‘ಕೀ ಬಿಟ್ರಾ?’ ಎಂದು ಮೊಬೈಲ್ ನೋಡುತ್ತೀರಿ. ನೋಟ್ಸ್ ಬರೆದವರು ಬೇರೆ, ಸರಿ ತಪ್ಪು ಹೇಳುವವರೂ ಬೇರೆ. ನಡುವೆ ನಿಮ್ಮ ಬುದ್ಧಿಗೆ ಕೆಲಸವೆಲ್ಲಿ?

ನಮ್ಮ ತಾಲ್ಲೂಕಿನ ವಿಷಯವನ್ನೇ ನೋಡಿ. ಹರಪನಹಳ್ಳಿ ಯಾವ ಜಿಲ್ಲೆ? ನಾವು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವರು. 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅಲ್ಲಿಗೆ ಸೇರಿದೆವು. ಸಂವಿಧಾನದ 371(ಜೆ) ವಿಧಿ ಬಂದಾಗ ಬಳ್ಳಾರಿ ಜಿಲ್ಲೆಯವರಿಗೆ ದಕ್ಕಿದ ಮೀಸಲಾತಿ ನಮಗೆ ದಕ್ಕಲಿಲ್ಲ. ಅದಕ್ಕಾಗಿ ಹೋರಾಟ ನಡೆದು 2018ರಲ್ಲಿ ಬಳ್ಳಾರಿಗೆ ಮರಳಿದೆವು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹತ್ತು ವರ್ಷದ ಹಿಂದಿನ ನೋಟ್ಸ್ ಓದಿದವರು ಇಂದಿಗೂ ದಾವಣಗೆರೆ ಎಂದೇ ಟಿಕ್ ಹಾಕುತ್ತಾರೆ. ನೀವು ಇವತ್ತು ಪಡೆಯುವ ಕಲ್ಯಾಣ ಕರ್ನಾಟಕದ ಮೀಸಲಾತಿ ಪ್ರಮಾಣಪತ್ರದ ಹಿಂದೆ ಈ ಇಡೀ ಕಥೆ ಇದೆ. ಅದು ಗೊತ್ತಿಲ್ಲದೆ ಬರೀ ಜಿಲ್ಲೆಯ ಹೆಸರು ಬಾಯಿಪಾಠ ಮಾಡಿದರೆ ಏನು ಬಂತು?

ಇನ್ನು ನಮ್ಮ ಕಲ್ಲೇಶ್ವರ ಗುಡಿ. ನಿಮ್ಮ ನೋಟ್ಸಿನಲ್ಲಿ ಅದಕ್ಕೆ ಸಿಕ್ಕಿದ್ದು ಅರ್ಧ ಸಾಲು: ‘ಬಾಗಳಿ, ಕಲ್ಯಾಣ ಚಾಲುಕ್ಯರು’. ಅಷ್ಟೇ ಸಾಲದು. ಗರ್ಭಗುಡಿಯ ಕಾಲ ರಾಷ್ಟ್ರಕೂಟರತ್ತ, ಹತ್ತನೆಯ ಶತಮಾನದ ನಡುಭಾಗಕ್ಕೆ ಹೋಗುತ್ತದೆ. 973ರಲ್ಲಿ ಕಲ್ಯಾಣ ಚಾಲುಕ್ಯರ ಎರಡನೆಯ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿದ. ಅವನ ಕಾಲದ, 987ರ ಶಾಸನ ಗುಡಿ ಕಟ್ಟಿಸಿದವನು ದುಗ್ಗಿಮಯ್ಯ ಎನ್ನುತ್ತದೆ. ಅಂದರೆ ಒಂದು ರಾಜವಂಶ ಅಳಿದು ಇನ್ನೊಂದು ಏಳುವುದನ್ನು ಈ ಒಂದೇ ಗುಡಿ ಕಂಡಿದೆ. ಮುಖ್ಯ ಪರೀಕ್ಷೆಯಲ್ಲಿ ಎರಡು ಪುಟ ಬರೆಯುವಷ್ಟು ವಿಷಯ ನಿಮ್ಮ ಮನೆಯ ಹತ್ತಿರವೇ ನಿಂತಿದೆ. ಒಂದು ಬೆಳಿಗ್ಗೆ ಹೋಗಿ, ಸಭಾಮಂಟಪದ ಕಂಬಗಳನ್ನು ಒಂದೊಂದಾಗಿ ನೋಡಿ. ಅವುಗಳ ಕೆತ್ತನೆ ಗಮನಿಸಿ. ಊರಿನ ಹಳಗನ್ನಡ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಗಿವೆ. ಹುಡುಕಿ ಓದಿ.

ಓದಿದ ಮೇಲೆ ನಿಮ್ಮ ಕೈಯಾರೆ ಬರೆದುಕೊಳ್ಳಿ. ಅಂಚಿನಲ್ಲಿ ಪುಸ್ತಕದ ಹೆಸರು, ಪುಟ, ಬರೆದ ತಾರೀಖು ಇರಲಿ. ಅನುಮಾನವಿದ್ದಲ್ಲಿ ಪ್ರಶ್ನೆ ಚಿಹ್ನೆ ಹಾಕಿ, ತಿಳಿದ ಮೇಲೆ ಅಳಿಸಿ. ನಿಧಾನವಾಗುತ್ತದೆ, ನಿಜ. ಗೆಳೆಯರು ಮೂರು ವಿಷಯ ಮುಗಿಸುವಾಗ ನೀವು ಒಂದರಲ್ಲೇ ಇರುತ್ತೀರಿ. ಹೆದರಬೇಡಿ.

ಯಾಕೆಂದರೆ ಮೊದಲು ಬರುವ ಕೀ ಆನ್ಸರ್ ತಾತ್ಕಾಲಿಕ. ಪರೀಕ್ಷೆ ನಡೆಸುವವರೇ ಆಕ್ಷೇಪಣೆ ಕರೆಯುತ್ತಾರೆ, ಆಧಾರ ಕೇಳುತ್ತಾರೆ, ಪರಿಶೀಲಿಸಿ ಅಂತಿಮ ಕೀ ಹೊರಡಿಸುತ್ತಾರೆ. ಉತ್ತರ ಬದಲಾದದ್ದೂ ಉಂಟು, ಪ್ರಶ್ನೆಯನ್ನೇ ಕೈಬಿಟ್ಟದ್ದೂ ಉಂಟು. ಒಂದು ಅಂಕದಲ್ಲಿ ನೌಕರಿ ಹೋಗುವ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ಆ ನಾಲ್ಕಾರು ದಿನಗಳಲ್ಲಿ ‘ಇಂಥ ಪುಸ್ತಕ, ಇಂಥ ಪುಟ’ ಎಂದು ತೋರಿಸಬಲ್ಲವರು ಸ್ವಂತ ನೋಟ್ಸ್ ಇಟ್ಟವರು ಮಾತ್ರ. ಜೆರಾಕ್ಸ್ ಹಾಳೆಯಲ್ಲಿ ಪುಟದ ಸಂಖ್ಯೆ ಎಲ್ಲಿರುತ್ತದೆ? ಹಾಗಾಗಿ ಕೀ ಬಂದಾಗ ಎಷ್ಟು ಸರಿಯಾಯಿತು ಎಂದು ಎಣಿಸಿ ಮುಚ್ಚಿಡಬೇಡಿ. ತಪ್ಪಾದ ಪ್ರತಿಯೊಂದು ಪ್ರಶ್ನೆಗೂ ಯಾಕೆ ತಪ್ಪಾಯಿತು ಎಂದು ನೋಟ್ಸಿನಲ್ಲಿ ಬರೆಯಿರಿ.

ಮುಂದಿನ ಅಧಿಸೂಚನೆಗೆ ಕಾಯಬೇಡಿ. ಹರಪನಹಳ್ಳಿಗೆ ಹೋದಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ, ಕಲ್ಲೇಶ್ವರ ಗುಡಿಯಿಂದಲೇ ಬರೆಯಲು ಶುರು ಮಾಡಿ.