ಹಿರಿಯರ ಪ್ರಯಾಣ: ಪ್ರಯೋಜನ ಮತ್ತು ಮುನ್ನೆಚ್ಚರಿಕೆ

ಉದ್ಯೋಗ, ವ್ಯಾಪಾರ ಅಥವಾ ಮಕ್ಕಳ ನೆಲೆಯ ಕಾರಣದಿಂದ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮುಂತಾದ ನಗರಗಳಲ್ಲಿ ವಾಸಿಸುತ್ತಿರುವ ಕನ್ನಡಿಗ ಕುಟುಂಬಗಳಿಗೆ ಪ್ರಯಾಣವು ವಿಲಾಸದ ವಿಷಯವಲ್ಲ. ಮನೆದೇವರ ತೇರು, ಬಂಧುಗಳ ಮದುವೆ, ಜಮೀನಿನ ಪಹಣಿ, ಹಿರಿಯರ ತಿಥಿ ಇವೆಲ್ಲ ಊರಿನ ದಾರಿಯನ್ನು ತೋರಿಸುತ್ತಲೇ ಇರುತ್ತವೆ. ಆದರೆ ಅರವತ್ತೈದು, ಎಪ್ಪತ್ತು ವರ್ಷ ದಾಟಿದವರು ಹೊರಡುವ ಮಾತೆತ್ತಿದೊಡನೆ ಮನೆಯಲ್ಲಿ ಕೇಳಿಬರುವ ಮೊದಲ ಮಾತು, "ಈ ವಯಸ್ಸಿನಲ್ಲಿ ಅಷ್ಟು ದೂರ ಏಕೆ?" ಎಂಬುದು. ಈ ಪ್ರಶ್ನೆಯ ಹಿಂದೆ ಪ್ರೀತಿಯೂ ಇದೆ, ಭಯವೂ ಇದೆ. ಭಯಕ್ಕೆ ಆಧಾರವಿರುವುದು ಎಲ್ಲಿ, ಇಲ್ಲದಿರುವುದು ಎಲ್ಲಿ ಎಂಬುದನ್ನು ಅರಿತರೆ ಬಹುಮಟ್ಟಿನ ಪ್ರಯಾಣಗಳನ್ನು ತಡೆಯುವ ಅಗತ್ಯ ಬೀಳುವುದಿಲ್ಲ.

ನಗರದ ಬಹುಮಹಡಿ ಕಟ್ಟಡದಲ್ಲಿ ಮಗ ಸೊಸೆಯರು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಒಂಟಿಯಾಗಿರುವ ವೃದ್ಧರ ದಿನಚರಿಯನ್ನು ಗಮನಿಸಬೇಕು. ನಡಿಗೆ ಕಡಿಮೆ, ಮಾತು ಇನ್ನೂ ಕಡಿಮೆ. ನೆರೆಹೊರೆಯವರ ಭಾಷೆ ಮರಾಠಿಯೋ ಹಿಂದಿಯೋ ಆಗಿದ್ದರೆ ಆಡುವ ನಾಲ್ಕು ಮಾತೂ ತಡವರಿಸುತ್ತದೆ. ಇಂಥವರಿಗೆ ಪ್ರಯಾಣವು ದೇಹಕ್ಕೆ ಚಲನೆಯನ್ನೂ ಮನಸ್ಸಿಗೆ ಕೆಲಸವನ್ನೂ ಒದಗಿಸುತ್ತದೆ. ಯಾವ ಗಾಡಿ, ಯಾವ ದಿನ, ಯಾರಿಗೆ ಯಾವ ಉಡುಗೊರೆ ಎಂದು ತಾವೇ ನಿರ್ಧರಿಸುವುದು ಆತ್ಮವಿಶ್ವಾಸವನ್ನು ಉಳಿಸುವ ಸಂಗತಿ. ಒಂಟಿತನವು ವೃದ್ಧಾಪ್ಯದಲ್ಲಿ ಖಿನ್ನತೆಯನ್ನು ಹೆಚ್ಚಿಸುತ್ತದೆಂಬುದನ್ನು ವೈದ್ಯಶಾಸ್ತ್ರವು ಒಪ್ಪಿದೆ. ಹಳೆಯ ಗೆಳೆಯರೊಡನೆ ಕಟ್ಟೆಯ ಮೇಲೆ ಕುಳಿತು ಕಳೆದ ಒಂದು ವಾರವು ರೋಗವನ್ನು ಗುಣಪಡಿಸಲಾರದು. ಆದರೆ ಅದರಿಂದ ಆಗುವ ಹಿತವನ್ನು ಅಲ್ಲಗಳೆಯುವಂತಿಲ್ಲ.

1904ರಲ್ಲಿ ಜನಿಸಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ವೃದ್ಧಾಪ್ಯದಲ್ಲಿ ಅಮೆರಿಕೆಗೆ ಹೋಗಿಬಂದು ಬರೆದ 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಎಲ್ಲರೂ ಅಷ್ಟು ದೂರ ಹೋಗಬೇಕಾಗಿಲ್ಲ, ಪುಸ್ತಕವನ್ನೂ ಬರೆಯಬೇಕಾಗಿಲ್ಲ. ಹೊಸದನ್ನು ನೋಡುವ ಕುತೂಹಲಕ್ಕೆ ನಿವೃತ್ತಿಯ ವಯಸ್ಸು ಎಂಬುದಿಲ್ಲ ಎನ್ನುವುದಕ್ಕೆ ಇದೊಂದು ನಿದರ್ಶನ.

ಅನಿವಾರ್ಯವಲ್ಲದ ಪ್ರಯಾಣಗಳನ್ನು ಬಿಡುವುದೂ ವಿವೇಕವೇ. ಪಿಂಚಣಿದಾರರು ಜೀವಿತ ಪ್ರಮಾಣಪತ್ರಕ್ಕಾಗಿಯೇ ಪ್ರತಿವರ್ಷ ನವೆಂಬರಿನಲ್ಲಿ ಊರಿನ ಬ್ಯಾಂಕಿಗೆ ಹೋಗಿಬರುತ್ತಿದ್ದ ಕಾಲವೊಂದಿತ್ತು. 2014ರಲ್ಲಿ ಆರಂಭವಾದ 'ಜೀವನ್ ಪ್ರಮಾಣ್' ವ್ಯವಸ್ಥೆಯಿಂದ ಅದನ್ನು ಇದ್ದಲ್ಲಿಂದಲೇ ಸಲ್ಲಿಸಬಹುದಾಗಿದೆ. ಹೀಗೆ ಉಳಿದ ಹಣವನ್ನೂ ಶಕ್ತಿಯನ್ನೂ ಮನಸ್ಸಿಗೆ ಬೇಕಾದ ಪ್ರಯಾಣಕ್ಕೆ ಮೀಸಲಿಡುವುದು ಮೇಲು.

ಹೊರಡುವ ಮುನ್ನ

ಪ್ರಯಾಣಕ್ಕೆ ಎರಡು ಮೂರು ವಾರ ಮೊದಲೇ ವೈದ್ಯರನ್ನು ಕಾಣುವುದು ಅಪೇಕ್ಷಣೀಯ. ಹಿಂದಿನ ದಿನ ಕಂಡರೆ ಔಷಧಿಯ ಪ್ರಮಾಣವನ್ನು ಬದಲಿಸಿ ಅದರ ಪರಿಣಾಮವನ್ನು ನೋಡಲು ಅವಕಾಶವಿರುವುದಿಲ್ಲ. ಇತ್ತೀಚೆಗೆ ಹೃದಯಾಘಾತ ಅಥವಾ ಶಸ್ತ್ರಚಿಕಿತ್ಸೆ ಆಗಿದ್ದವರು ವೈದ್ಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೊರಡಬಾರದು.

ಔಷಧಿಗಳನ್ನು ದೊಡ್ಡ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಹಿಂತಿರುಗುವುದು ತಡವಾಗಬಹುದೆಂದು ಒಂದು ವಾರಕ್ಕೆ ಹೆಚ್ಚಾಗುವಷ್ಟು ಮಾತ್ರೆಗಳಿರಲಿ. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧಿಯ ಮೂಲ ಹೆಸರನ್ನೂ ಬರೆಯಿಸಿಕೊಳ್ಳುವುದು ಮುಖ್ಯ. ಒಂದು ಊರಿನಲ್ಲಿ ದೊರೆಯುವ ಹೆಸರು ಇನ್ನೊಂದು ಊರಿನ ಔಷಧಿ ಅಂಗಡಿಯಲ್ಲಿ ದೊರೆಯದಿರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಸಿಲಿನಿಂದ ಕಾಪಾಡಬೇಕು, ಮಂಜುಗಡ್ಡೆಗೆ ನೇರವಾಗಿ ತಾಗಿಸಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ನಿರುಪಯುಕ್ತ. ವಿಮಾನದಲ್ಲಾದರೆ ಸರಕಿನ ಪೆಟ್ಟಿಗೆಯಲ್ಲಿ ಅದನ್ನು ಇಡಲೇಬಾರದು. ಎರಡನೆಯ ಜೊತೆ ಕನ್ನಡಕವನ್ನು ಮರೆಯುವವರೇ ಹೆಚ್ಚು.

ರೈಲಿನಲ್ಲಿ

ದೆಹಲಿಯಿಂದ ಬೆಂಗಳೂರಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರು ಎರಡು ರಾತ್ರಿಗಳನ್ನು ಗಾಡಿಯಲ್ಲಿಯೇ ಕಳೆಯುತ್ತಾರೆ. ಇಂಥ ಪ್ರಯಾಣದಲ್ಲಿ ಕೆಳಗಿನ ಬರ್ತು ಅನುಕೂಲದ ಮಾತಲ್ಲ, ಸುರಕ್ಷತೆಯ ಮಾತು. ಕೆಳ ಬರ್ತುಗಳ ವಿಶೇಷ ಕೋಟಾದಲ್ಲಿ 60 ವರ್ಷ ತುಂಬಿದ ಪುರುಷರಿಗೂ 45 ವರ್ಷ ತುಂಬಿದ ಮಹಿಳೆಯರಿಗೂ ಅವಕಾಶವಿದೆ. ಆದರೆ ಒಂದು ಷರತ್ತು ಅನೇಕರಿಗೆ ತಿಳಿದಿರುವುದಿಲ್ಲ: ಟಿಕೆಟಿನಲ್ಲಿ ಅರ್ಹರಾದ ಒಬ್ಬರು ಅಥವಾ ಇಬ್ಬರು ಮಾತ್ರ ಇರಬೇಕು. ಅಜ್ಜಿಯ ಹೆಸರನ್ನು ಮಗ, ಸೊಸೆ, ಮೊಮ್ಮಕ್ಕಳ ಹೆಸರಿನೊಡನೆ ಒಂದೇ ಟಿಕೆಟಿನಲ್ಲಿ ಸೇರಿಸಿದರೆ ಆ ಕೋಟಾ ಅನ್ವಯಿಸುವುದಿಲ್ಲ. ಮೇಲಿನ ಬರ್ತು ಬಂದಾಗ ಮನೆಮಂದಿ ರೈಲ್ವೆಯನ್ನು ದೂರುತ್ತಾರೆ. ಕೆಳ ಬರ್ತು ದೊರೆಯದಿದ್ದಲ್ಲಿ ಗಾಡಿ ಹೊರಟ ಮೇಲೆ ಟಿಕೆಟ್ ಪರೀಕ್ಷಕರನ್ನು ಕೇಳಬಹುದು. ಖಾಲಿ ಉಳಿದದ್ದನ್ನು ಕೊಡಲು ಅವರಿಗೆ ಅಧಿಕಾರವಿದೆ. ಹಿರಿಯ ನಾಗರಿಕರಿಗಿದ್ದ ದರದ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಲಾಯಿತಾದ್ದರಿಂದ ಹಳೆಯ ದರವನ್ನು ನೆನೆದು ಖರ್ಚಿನ ಲೆಕ್ಕ ಹಾಕಬಾರದು. ಮುಂಬಯಿಯಿಂದ ಉಡುಪಿ, ಮಂಗಳೂರುಗಳ ಕಡೆಗೆ ಹೋಗುವವರು ಕೊಂಕಣ ರೈಲುಮಾರ್ಗದಲ್ಲಿ ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿಯಿರುವುದನ್ನೂ, ಆಗ ಗಾಡಿಗಳು ನಿಧಾನವಾಗಿ ಓಡುವುದನ್ನೂ ಗಮನದಲ್ಲಿಡಬೇಕು.

ಈಗ ಹೆಚ್ಚು ಜನ ಹೇಳಿಕೊಳ್ಳಲು ಸಂಕೋಚಪಡುವ ವಿಷಯಕ್ಕೆ ಬರಬೇಕು. ಎಪ್ಪತ್ತೆರಡರ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಬಹುದು. ಓಡುವ ಗಾಡಿಯ ಶೌಚಾಲಯಕ್ಕೆ ಪದೇ ಪದೇ ಹೋಗುವುದು ಕಷ್ಟವೆಂದು ಆಕೆ ಬೆಳಗಿನಿಂದ ನೀರು ಕುಡಿಯುವುದಿಲ್ಲ. ರಕ್ತದೊತ್ತಡಕ್ಕೆ ಕೊಟ್ಟ, ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನೂ ಅದೇ ಕಾರಣಕ್ಕೆ ಬಿಡುತ್ತಾಳೆ. ಮಗನಿಗೆ ಹೇಳುವುದಿಲ್ಲ. ಎರಡನೆಯ ದಿನ ಬಾಯಿ ಒಣಗಿ, ತಲೆ ಸುತ್ತಿ, ನಿಲ್ದಾಣದಲ್ಲಿ ಇಳಿಯುವಾಗ ಕುಸಿಯುತ್ತಾಳೆ. "ಪ್ರಯಾಣ ಒಗ್ಗಲಿಲ್ಲ" ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಮುಂದಿನ ವರ್ಷದ ಪ್ರಯಾಣ ನಿಂತುಹೋಗುತ್ತದೆ. ಒಗ್ಗದೆ ಹೋದದ್ದು ಪ್ರಯಾಣವಲ್ಲ, ನೀರಡಿಕೆ ಮತ್ತು ಬಿಟ್ಟ ಮಾತ್ರೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಂದುತ್ತದೆಯಾದ್ದರಿಂದ ಬಾಯಾರುವವರೆಗೆ ಕಾಯದೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯುತ್ತಿರಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿಯಿರುವವರು ವೈದ್ಯರು ಹೇಳಿದ ಮಿತಿಯಲ್ಲಿ ನಡೆಯಬೇಕು. ಮಾತ್ರೆಯ ವೇಳೆಯನ್ನು ಪ್ರಯಾಣಕ್ಕೆ ಅನುಗುಣವಾಗಿ ಹಿಂದೆ ಮುಂದೆ ಮಾಡಬಹುದೇ ಎಂಬುದನ್ನು ವೈದ್ಯರನ್ನೇ ಕೇಳಬೇಕು. ಅನೇಕ ವೇಳೆ ಅದಕ್ಕೆ ದಾರಿ ಇರುತ್ತದೆ. ಸಂಕೋಚ ಬೇಡ, ವೈದ್ಯರಿಗೆ ಇದು ಹೊಸ ಪ್ರಶ್ನೆಯಲ್ಲ. ಶೌಚಾಲಯದ ಸಮೀಪದ ಬರ್ತಿನಲ್ಲಿ ವಾಸನೆಯ ತೊಂದರೆಯಿದ್ದರೂ ರಾತ್ರಿಯಲ್ಲಿ ನಡೆಯುವ ದೂರ ಕಡಿಮೆಯಾಗುತ್ತದೆ. ಕೈದೀಪ, ಜಾರದ ಚಪ್ಪಲಿ ತಲೆದೆಸೆಯಲ್ಲಿಯೇ ಇರಲಿ. ಏಳುವಾಗ ಕ್ಷಣಕಾಲ ಬರ್ತಿನ ಮೇಲೆ ಕುಳಿತು ನಂತರ ನಿಲ್ಲಬೇಕು.

ನಾಲ್ಕು ಗಂಟೆಗೂ ಹೆಚ್ಚು ಕಾಲ ಕದಲದೆ ಕುಳಿತಿರುವುದರಿಂದ ಕಾಲಿನ ಒಳಗಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಬಸ್ಸು, ವಿಮಾನ, ಮೋಟಾರು ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಗಂಟೆಗೊಮ್ಮೆ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ಆದಷ್ಟು ಎದ್ದು ನಾಲ್ಕು ಹೆಜ್ಜೆ ಹಾಕುವುದು ಸಾಕು. ಪ್ರಯಾಣ ಮುಗಿದ ಕೆಲವು ದಿನಗಳಲ್ಲಿ ಒಂದೇ ಕಾಲು ಊದಿ ನೋಯತೊಡಗಿದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಎದೆ ನೋವು ಬಂದರೆ, ಕಾಲುನೋವಿನ ಎಣ್ಣೆ ಹಚ್ಚುತ್ತ ಕುಳಿತುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಚಲಿಸುವ ಗಾಡಿಯನ್ನು ಹತ್ತುವುದಾಗಲಿ ಇಳಿಯುವುದಾಗಲಿ ಯಾವ ಕಾರಣಕ್ಕೂ ಕೂಡದು. ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂತಿರುಗಿದರೆ ನಷ್ಟವೇನೂ ಇಲ್ಲ. ಅಪರಿಚಿತರು ಎಷ್ಟೇ ಆದರದಿಂದ ಕೊಟ್ಟರೂ ಬಿಸ್ಕತ್ತು, ಚಹಾ, ಪ್ರಸಾದಗಳನ್ನು ಸ್ವೀಕರಿಸದಿರುವುದು ಕ್ಷೇಮ. ಕನ್ನಡ ಮಾತನಾಡಿದರೆಂಬ ಒಂದೇ ಕಾರಣಕ್ಕೆ ಎಚ್ಚರ ತಪ್ಪಬಾರದು. ಗಾಡಿಯಲ್ಲಿ ವೈದ್ಯಕೀಯ ನೆರವು ಅಥವಾ ರಕ್ಷಣೆ ಬೇಕಾದಲ್ಲಿ 139 ಸಂಖ್ಯೆಗೆ ಕರೆ ಮಾಡಬಹುದು.

ಬೆಟ್ಟದ ಕ್ಷೇತ್ರಗಳು

ಹಿರಿಯರು ಬಹುಕಾಲದಿಂದ ಬಯಸುವ ಯಾತ್ರೆಗಳಲ್ಲಿ ಕೇದಾರ, ಬದರಿಗಳು ಮುಖ್ಯವಾದವು. ಇಲ್ಲಿ ಭಕ್ತಿಯಷ್ಟೇ ಲೆಕ್ಕಾಚಾರವೂ ಬೇಕು. ಗೌರೀಕುಂಡದ ಎತ್ತರ ಸುಮಾರು 2,000 ಮೀಟರ್, ಕೇದಾರನಾಥದ್ದು ಸುಮಾರು 3,580 ಮೀಟರ್. ನಡುವಿನ ದಾರಿ 16 ಕಿಲೋಮೀಟರ್. ಸಮುದ್ರಮಟ್ಟದ ಮುಂಬಯಿ, ಚೆನ್ನೈಗಳಿಂದ ಹೊರಟವರು ಎರಡು ಮೂರು ದಿನಗಳಲ್ಲಿ ಅಲ್ಲಿಗೆ ಮುಟ್ಟಿದರೆ ವಿರಳವಾದ ಗಾಳಿಗೆ ದೇಹ ಹೊಂದಿಕೊಳ್ಳಲು ಕಾಲವೇ ಸಿಕ್ಕಿರುವುದಿಲ್ಲ. ಹೆಲಿಕಾಪ್ಟರಿನಲ್ಲಿ ಹೋಗುವವರು ಆಯಾಸವಿಲ್ಲವೆಂದು ನೆಮ್ಮದಿಪಡುತ್ತಾರೆ. ಏರಿಕೆ ಇನ್ನೂ ಶೀಘ್ರವಾಗಿರುವುದರಿಂದ ಈ ಒಂದು ವಿಷಯದಲ್ಲಿ ಅಪಾಯ ಕಡಿಮೆಯಲ್ಲ. ದಾರಿಯ ಮಧ್ಯದ ಎತ್ತರಗಳಲ್ಲಿ ಒಂದೆರಡು ರಾತ್ರಿ ತಂಗಿ ಮುಂದುವರಿಯುವ ಯಾತ್ರಾ ತಂಡವನ್ನೇ ಆರಿಸಿಕೊಳ್ಳಬೇಕು. ತಲೆನೋವು, ವಾಕರಿಕೆ, ನಿದ್ರಾಭಂಗಗಳು ಮೊದಲ ಸೂಚನೆಗಳು. ಅವು ಕಂಡಲ್ಲಿ ಮೇಲೇರುವುದನ್ನು ನಿಲ್ಲಿಸಬೇಕು. ಸುಮ್ಮನೆ ಕುಳಿತಾಗಲೂ ಏದುಸಿರು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಬೆಳಗಾಗುವವರೆಗೆ ಕಾಯದೆ ರೋಗಿಯನ್ನು ಕೆಳಗಿಳಿಸಬೇಕು. ದರ್ಶನ ಇನ್ನು ಅರ್ಧ ಗಂಟೆಯ ದಾರಿ ಇರುವಾಗ ಹಿಂತಿರುಗುವುದು ಕಠಿಣ ನಿರ್ಧಾರವೇ ಸರಿ. ಆ ನಿರ್ಧಾರವನ್ನು ಯಾರು ಮಾಡಬೇಕೆಂಬುದನ್ನು ಹೊರಡುವ ಮೊದಲೇ ತಂಡದಲ್ಲಿ ಗೊತ್ತುಮಾಡಿಕೊಂಡಿರುವುದು ಲೇಸು.

ಎತ್ತರ ಕಡಿಮೆಯಿರುವಲ್ಲಿ ಬೇರೆ ಬಗೆಯ ಎಚ್ಚರ ಬೇಕಾಗುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಆರು ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಕಾದ ಬಂಡೆಯಿಂದ ಬೊಬ್ಬೆ ಎದ್ದದ್ದೂ ತಿಳಿಯುವುದಿಲ್ಲ. ಸೂರ್ಯೋದಯದ ಹೊತ್ತಿಗೆ ಹತ್ತಿ, ಬಿಸಿಲೇರುವ ಮೊದಲು ಇಳಿದು, ಅಂದೇ ಪಾದಗಳನ್ನು ಬೆಳಕಿನಲ್ಲಿ ಪರೀಕ್ಷಿಸಿಕೊಳ್ಳಬೇಕು. ದಪ್ಪ ಕಾಲುಚೀಲ ಸಹಾಯಕ. ಡೋಲಿಯಲ್ಲಿ ಹೋಗುವುದರಲ್ಲಿ ಅವಮಾನವೇನಿಲ್ಲ.

ಹಣ ಮತ್ತು ಕಾಗದಪತ್ರ

ಹೆಲಿಕಾಪ್ಟರ್ ಟಿಕೆಟ್, ಕ್ಷೇತ್ರದ ವಸತಿ ಮೊದಲಾದವುಗಳ ಹೆಸರಿನಲ್ಲಿ ದೂರವಾಣಿಯ ಮೂಲಕ ಮುಂಗಡ ಹಣ ಪಡೆದು ಮೋಸ ಮಾಡುವವರಿದ್ದಾರೆ. ಅಧಿಕೃತ ವ್ಯವಸ್ಥೆಯ ಮೂಲಕವೇ ಕಾಯ್ದಿರಿಸಬೇಕು. ಹಣ ಹೋಯಿತೆಂದು ತಿಳಿದ ಕೂಡಲೇ 1930 ಸಂಖ್ಯೆಗೆ ದೂರು ಕೊಡಬೇಕು. ತಡವಾದಷ್ಟೂ ಹಣ ಹಿಂದಿರುಗುವ ಆಸೆ ಕ್ಷೀಣ.

2024ರ ಅಕ್ಟೋಬರಿನಿಂದ 70 ವರ್ಷ ದಾಟಿದ ಹಿರಿಯರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆ ಚಿಕಿತ್ಸೆಯ ಸೌಲಭ್ಯ ಕಲ್ಪಿಸಲಾಗಿದೆ. ಪರವೂರಿನಲ್ಲಿಯೂ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಇದನ್ನು ಪಡೆಯಬಹುದು. ಹೋಗುವ ಊರಿನ ಸಮೀಪದಲ್ಲಿ ಅಂಥ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿ, ಅದರ ಹೆಸರನ್ನೂ ಹತ್ತಿರದ ಬಂಧುವಿನ ದೂರವಾಣಿ ಸಂಖ್ಯೆಯನ್ನೂ ಒಂದು ಕಾಗದದಲ್ಲಿ ಬರೆದು ಔಷಧಿಯ ಚೀಟಿಯೊಡನೆ ಜೇಬಿನಲ್ಲಿಡಬೇಕು. ಮೊಬೈಲಿನಲ್ಲಿದೆ ಎಂದರೆ ಸಾಲದು. ಬ್ಯಾಟರಿ ಮುಗಿದಾಗಲೇ ಅದರ ಅಗತ್ಯ ಬೀಳುತ್ತದೆ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಲಭ್ಯವಿದೆ. ತುರ್ತು ಸಂದರ್ಭದಲ್ಲಿ ಯಾವ ಹೊತ್ತಿನಲ್ಲಾದರೂ 112ಕ್ಕೆ ಕರೆ ಮಾಡಬಹುದು.