ಜಲಪಾತಕ್ಕೂ ಸವಕಳಿ ಉಂಟು



ಲೆಕ್ಕಶಾಸ್ತ್ರದಲ್ಲಿ ನಾವು ‘ಸವಕಳಿ’ಯ ಪಾಠ ಓದುತ್ತೇವೆ. ಬಳಸಿದಷ್ಟೂ ಯಂತ್ರ ಸವೆಯುತ್ತದೆ, ವರ್ಷ ವರ್ಷ ಅದರ ಬೆಲೆ ಇಳಿಯುತ್ತದೆ. ಭೂಗೋಳದಲ್ಲೂ ಇದೇ ಪದವಿದೆ. ಅಲ್ಲಿ ಸವೆಯುವುದು ಮಣ್ಣು ಮತ್ತು ಕಲ್ಲು. ನಮ್ಮ ಮನೆಯ ಉರ್ದುವಿನಲ್ಲಿ ಜಲಪಾತಕ್ಕೆ ‘ಆಬ್‌ಶಾರ್’ ಎನ್ನುತ್ತೇವೆ. ‘ಆಬ್’ ಎಂದರೆ ನೀರು. ಎರಡು ಭಾಷೆಯಲ್ಲೂ ಹೆಸರು ನೀರಿನದೇ. ಆದರೆ ಜಲಪಾತದ ರೂಪವನ್ನು ತೀರ್ಮಾನಿಸುವುದು ಕಲ್ಲು.

ಹುಟ್ಟುವುದು ಹೇಗೆ?

ನದಿಯ ದಾರಿಯಲ್ಲಿ ಮೇಲೆ ಗಟ್ಟಿ ಕಲ್ಲಿನ ಪದರ, ಕೆಳಗೆ ಮೆದು ಕಲ್ಲಿನ ಪದರ ಇದೆ ಎಂದುಕೊಳ್ಳಿ. ಮೆದು ಕಲ್ಲು ಬೇಗ ಸವೆದು ಅಲ್ಲೊಂದು ಮೆಟ್ಟಿಲು ಉಂಟಾಗುತ್ತದೆ. ಬಿದ್ದ ನೀರು ಬುಡದಲ್ಲಿ ಆಳವಾದ ಮಡುವನ್ನು ಕೊರೆಯುತ್ತದೆ. ಕೆಳಗಿನ ಆಧಾರ ತಪ್ಪಿದಾಗ ಮೇಲಿನ ಗಟ್ಟಿ ಕಲ್ಲು ಮುರಿದು ಬೀಳುತ್ತದೆ. ಹೀಗೆ ಜಲಪಾತ ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ. ಉತ್ತರ ಅಮೆರಿಕದ ನಯಾಗರ ಜಲಪಾತ ಸುಮಾರು 12,000 ವರ್ಷಗಳಲ್ಲಿ 11 ಕಿಲೋಮೀಟರಿನಷ್ಟು ಹಿಂದೆ ಸರಿದಿದೆ. ಭೂಮಿಯ ಪದರ ಬಿರಿದು ಒಂದು ಭಾಗ ಕುಸಿದರೂ ಜಲಪಾತ ಹುಟ್ಟಬಹುದು.

ಮುಖ್ಯ ವಿಧಗಳು

1. ನೇರ ಧುಮುಕುವ ಜಲಪಾತ: ನೀರು ಬಂಡೆಗೆ ತಾಗದೆ ಬೀಳುತ್ತದೆ. ಸುಮಾರು 253 ಮೀಟರ್ ಎತ್ತರದ ಜೋಗದಲ್ಲಿ ‘ರಾಜ’ ಹೀಗೆ ಬೀಳುತ್ತಾನೆ.

2. ಕುದುರೆ ಬಾಲದ ಜಲಪಾತ: ನೀರು ಬಂಡೆಯನ್ನು ತಬ್ಬಿಕೊಂಡೇ ಇಳಿಯುತ್ತದೆ. ಜೋಗದ ‘ರಾಣಿ’ಯನ್ನು ನೋಡಿ. ಒಂದೇ ಶರಾವತಿ, ಒಂದೇ ಕಡೆ ಎರಡು ವಿಧ!

3. ಅಗಲ ಜಲಪಾತ: ನದಿ ತನ್ನ ಪೂರ್ತಿ ಅಗಲದಲ್ಲಿ ಬೀಳುತ್ತದೆ. ಘಟಪ್ರಭಾ ನದಿಯ ಗೋಕಾಕ ಜಲಪಾತ ಮಳೆಗಾಲದಲ್ಲಿ ಹೀಗಿರುತ್ತದೆ. ಇದರ ಎತ್ತರ ಸುಮಾರು 52 ಮೀಟರ್, ಆಕಾರ ಕುದುರೆ ಲಾಳದಂತೆ.

4. ಕವಲು ಜಲಪಾತ: ನದಿ ಒಡೆದು ಬೇರೆ ಬೇರೆಯಾಗಿ ಬೀಳುತ್ತದೆ. ಶಿವನಸಮುದ್ರದಲ್ಲಿ ಕಾವೇರಿ ಗಗನಚುಕ್ಕಿ, ಭರಚುಕ್ಕಿ ಆಗುತ್ತಾಳೆ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು.

5. ಹಂತ ಜಲಪಾತ: ಮೆಟ್ಟಿಲಿಳಿದಂತೆ ಬೀಳುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಹೆಬ್ಬೆಯಲ್ಲಿ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂಬ ಎರಡು ಹಂತಗಳಿವೆ.

ಒಂದು ಮಾತು

ಕಳೆದ ಮಳೆಗಾಲದಲ್ಲಿ ನನ್ನ ಖಾಲಾ, ಅಂದರೆ ಚಿಕ್ಕಮ್ಮನ ಮಗ, ಫೋಟೋಗಾಗಿ ಒಂದು ಜಲಪಾತದ ಬುಡಕ್ಕೆ ಇಳಿದ. ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿ ಕೈ ಮುರಿದುಕೊಂಡ. ಮಡು ಎರಡೇ ಹೆಜ್ಜೆ ದೂರದಲ್ಲಿತ್ತು. ಈ ಪಾಠ ಓದಿದ ಮೇಲೆ ನನಗೆ ಅರ್ಥವಾಯಿತು: ಅವನು ನಿಂತದ್ದು ಸವಕಳಿ ಅತಿ ಹೆಚ್ಚು ನಡೆಯುವ ಜಾಗದಲ್ಲೇ. ಅಲ್ಲಿ ಮಡು ಆಳ, ಬಂಡೆ ನುಣುಪು, ಮೇಲಿನಿಂದ ಕಲ್ಲು ಬೀಳಬಹುದು. ಎಲ್ಲೋ ದೂರದ ಬೆಟ್ಟದಲ್ಲಿ ಮಳೆಯಾದರೂ ಇಲ್ಲಿ ನೀರು ಒಮ್ಮೆಲೇ ಏರಬಹುದು.

ಸವೆದ ಯಂತ್ರಕ್ಕೆ ಬದಲಿ ತರಬಹುದು, ಜೀವಕ್ಕೆ ಬದಲಿ ಇಲ್ಲ. ಮುಂದಿನ ಪ್ರವಾಸದಲ್ಲಿ ಕಂಬಿಯ ಈಚೆಯೇ ನಿಲ್ಲೋಣ. ಎದುರಿಗಿರುವ ಜಲಪಾತ ಯಾವ ವಿಧದ್ದು ಎಂದು ಅಲ್ಲಿಂದಲೇ ಗುರುತಿಸೋಣ.