ಮನೆಯ ಬೆಕ್ಕಿಗೆ ವಯಸ್ಸಾದಾಗ: ಚಿಕಿತ್ಸೆ ಎಷ್ಟು, ಎಲ್ಲಿಯವರೆಗೆ?

ಮೈಸೂರಿನ ಒಂದು ಕುಟುಂಬ. ಬೆಳಿಗ್ಗೆ ಹಾಲಿನ ಪಾತ್ರೆಯ ಸದ್ದಾದರೂ ಮನೆಯ ಬೆಕ್ಕು ಅಡುಗೆಮನೆಗೆ ಬರಲಿಲ್ಲ. ಹುಡುಕಿದಾಗ ಬಚ್ಚಲುಮನೆಯ ಮೂಲೆಯಲ್ಲಿ ಮುದುಡಿ ಕುಳಿತಿತ್ತು. ಕತ್ತು ಎದೆಗೆ ಅಂಟಿಕೊಂಡಂತೆ ಬಾಗಿತ್ತು, ಮೇಲೆತ್ತಲು ಆಗುತ್ತಿರಲಿಲ್ಲ. ಎಬ್ಬಿಸಿ ನಿಲ್ಲಿಸಿದರೆ ಹಿಂಗಾಲು ಕುಸಿಯುತ್ತಿತ್ತು. ಚುಕ್ಕಿ ಎಂಬ ಈ ಹೆಣ್ಣು ಬೆಕ್ಕಿಗೆ 14 ವರ್ಷ. ಲಕ್ವ ಹೊಡೆದಿದೆ, ಇನ್ನು ಮುಗಿಯಿತು ಎಂದುಕೊಂಡೇ ಮನೆಯವರು ಅದನ್ನು ಬುಟ್ಟಿಯಲ್ಲಿಟ್ಟು ನನ್ನ ಬಳಿಗೆ ತಂದರು.

ಮಗ ಹೇಳಿದರು: 'ಡಾಕ್ಟ್ರೇ, ವಯಸ್ಸಾಗಿದೆ. ಸುಮ್ಮನೆ ಸೂಜಿ ಚುಚ್ಚಿ ಹಿಂಸೆ ಕೊಡೋದು ಬೇಡ ಅಂತ ನನಗೆ ಅನ್ನಿಸುತ್ತೆ.' ಬುಟ್ಟಿಯ ಮೇಲಿನ ಕೈ ತೆಗೆಯದೆ ಅವರ ತಾಯಿ, 'ನನಗೂ ಎಪ್ಪತ್ತೆಂಟಾಯ್ತು ಕಣೋ. ವಯಸ್ಸಾಯ್ತು ಅಂತ ನನ್ನ ಬಿ.ಪಿ. ಮಾತ್ರೆ ನಿಲ್ಲಿಸಿದ್ದೀಯಾ? ಏನಾಗಿದೆ ಅಂತ ಮೊದಲು ನೋಡ್ಲಿ' ಎಂದರು.

ಇಬ್ಬರ ಮಾತಿನಲ್ಲೂ ಅರ್ಥವಿತ್ತು. ಪ್ರಾಣಿಗೆ ವೃಥಾ ಹಿಂಸೆಯಾಗಬಾರದು ಎಂಬುದು ನಿಜ. ಆದರೆ ಕಾಯಿಲೆ ಯಾವುದೆಂದು ತಿಳಿಯದೆ ಕೈಬಿಡುವುದೂ ತಪ್ಪು. ವಯಸ್ಸಾದ ಬೆಕ್ಕನ್ನು ಸಾಕಿರುವ ಪ್ರತಿ ಮನೆಯೂ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ.

ವಯಸ್ಸು ಕಾಯಿಲೆಯಲ್ಲ

10 ವರ್ಷದ ಬೆಕ್ಕನ್ನು ಸುಮಾರು 56 ವರ್ಷದ ಮನುಷ್ಯನಿಗೂ, 15 ವರ್ಷದ ಬೆಕ್ಕನ್ನು 76 ವರ್ಷದ ಮನುಷ್ಯನಿಗೂ ಹೋಲಿಸುವುದು ವಾಡಿಕೆ. ಮನೆಯೊಳಗೇ ಬೆಳೆದ ಬೆಕ್ಕುಗಳು 15 ವರ್ಷ ದಾಟುವುದು ಅಪರೂಪವೇನಲ್ಲ. ಈ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆಗಳೆಂದರೆ ಮೂತ್ರಪಿಂಡಗಳ ದೌರ್ಬಲ್ಯ, ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ, ಹಲ್ಲು-ವಸಡಿನ ರೋಗ, ಕೀಲುನೋವು ಮತ್ತು ಕ್ಯಾನ್ಸರ್. ಇವುಗಳಲ್ಲಿ ಹಲವನ್ನು ಪೂರ್ತಿ ಗುಣಪಡಿಸಲಾಗದಿದ್ದರೂ ಹತೋಟಿಯಲ್ಲಿಡಬಹುದು.

ತೊಂದರೆಯೆಂದರೆ ಬೆಕ್ಕು ತನ್ನ ನೋವನ್ನು ಮರೆಮಾಡುತ್ತದೆ. ಹೆಚ್ಚು ನಿದ್ದೆ ಮಾಡಿದರೆ, ಕಿಟಕಿಗೆ ಹಾರುವುದನ್ನು ಬಿಟ್ಟರೆ, ಮೈ ನೆಕ್ಕಿಕೊಳ್ಳದೆ ರೋಮ ಗಂಟುಕಟ್ಟಿದರೆ ನಾವು 'ಮುಪ್ಪು' ಎಂದು ಸುಮ್ಮನಾಗುತ್ತೇವೆ. ಚುಕ್ಕಿಯ ಮನೆಯವರೂ ಹಾಗೆಯೇ ಮಾಡಿದ್ದರು. ಕೆದಕಿ ಕೇಳಿದಾಗ ಅದು ಕೆಲವು ತಿಂಗಳಿಂದ ಬಚ್ಚಲಿನ ಬಕೆಟ್ಟಿಗೆ ಬಾಯಿ ಹಾಕಿ ನೀರು ಕುಡಿಯುತ್ತಿದ್ದುದು, ಪದೇ ಪದೇ ಮೂತ್ರ ಮಾಡುತ್ತಿದ್ದುದು, ತೆಳ್ಳಗಾಗಿದ್ದುದು ಒಂದೊಂದಾಗಿ ಹೊರಬಂತು.

ಪರೀಕ್ಷೆ ಯಾವುದು, ಏಕೆ?

ಮೊದಲ ದಿನವೇ ಎಲ್ಲ ಪರೀಕ್ಷೆಗಳೂ ಬೇಕಾಗುವುದಿಲ್ಲ. ಎರಡು-ಮೂರು ಮಿಲಿಲೀಟರ್ ರಕ್ತ ಮತ್ತು ಸ್ವಲ್ಪ ಮೂತ್ರ ಸಿಕ್ಕರೆ ಬಹಳಷ್ಟು ತಿಳಿಯುತ್ತದೆ. ರಕ್ತದಲ್ಲಿ ಯೂರಿಯಾ, ಕ್ರಿಯಾಟಿನಿನ್, ಸಕ್ಕರೆ, ಪೊಟ್ಯಾಸಿಯಂ, ರಂಜಕ ಹಾಗೂ ರಕ್ತಕಣಗಳ ಎಣಿಕೆ ನೋಡುತ್ತಾರೆ. ಮೂತ್ರ ಎಷ್ಟು ಗಟ್ಟಿಯಾಗಿದೆ ಎಂಬುದು ಮೂತ್ರಪಿಂಡದ ಶಕ್ತಿಯನ್ನು ತೋರಿಸುತ್ತದೆ. ರಕ್ತದೊತ್ತಡವನ್ನೂ ಅಳೆಯಬೇಕು. ಅದು ಮಿತಿಮೀರಿದರೆ ಕಣ್ಣಿನ ಅಕ್ಷಿಪಟಲ ಕಳಚಿ ಬೆಕ್ಕು ಒಂದೇ ರಾತ್ರಿಯಲ್ಲಿ ಕುರುಡಾಗಬಹುದು. ತಿನ್ನುತ್ತಿದ್ದರೂ ಸೊರಗುವ ಬೆಕ್ಕಿಗೆ ಥೈರಾಯ್ಡ್ ಪರೀಕ್ಷೆ ಅಗತ್ಯ.

ಇಲ್ಲಿ ಎರಡು ವಿಷಯ ನೆನಪಿಡಬೇಕು. ಮೊದಲನೆಯದು, ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ತಾನಾಗಿ ಏರುತ್ತದೆ. ಒಂದೇ ಸಲದ ಪರೀಕ್ಷೆಯಿಂದ ಸಕ್ಕರೆ ಕಾಯಿಲೆ ಎನ್ನಲಾಗದು. ಎರಡನೆಯದು, ದೇಹದಲ್ಲಿ ನೀರು ಬತ್ತಿದ್ದರೆ ಕ್ರಿಯಾಟಿನಿನ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಆದ್ದರಿಂದ ಮೂತ್ರಪಿಂಡದ ಕಾಯಿಲೆ ಯಾವ ಹಂತದಲ್ಲಿದೆ ಎಂಬುದನ್ನು ಡ್ರಿಪ್ ಕೊಟ್ಟು ಪ್ರಾಣಿ ಚೇತರಿಸಿಕೊಂಡ ಮೇಲೆಯೇ ನಿರ್ಧರಿಸಬೇಕು.

ಪಶುವೈದ್ಯರು ಈ ಕಾಯಿಲೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತಾರೆ. ಬೆಕ್ಕಿನ ಕ್ರಿಯಾಟಿನಿನ್ 2.9ರಿಂದ 5 ಮಿಲಿಗ್ರಾಂವರೆಗಿದ್ದರೆ ಮೂರನೆಯ ಹಂತ, 5 ದಾಟಿದರೆ ನಾಲ್ಕನೆಯದು. ಚುಕ್ಕಿಯದು ಮೊದಲ ದಿನ 5.6 ಇತ್ತು. ಅದನ್ನೇ ನಂಬಿದ್ದರೆ ಅಂದೇ ಕೈಚೆಲ್ಲಬೇಕಿತ್ತು. ಮೂರು ದಿನ ಡ್ರಿಪ್ ಕೊಟ್ಟ ಮೇಲೆ ಅದು 3.4ಕ್ಕೆ ಇಳಿಯಿತು. ಕತ್ತು ಬಾಗಿದ್ದು ಲಕ್ವದಿಂದಲ್ಲ. ಸೋತ ಮೂತ್ರಪಿಂಡಗಳು ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕಿದ್ದರಿಂದ ಸ್ನಾಯುಗಳು ಬಲ ಕಳೆದುಕೊಂಡಿದ್ದವು. ಪೊಟ್ಯಾಸಿಯಂ ತುಂಬಿಕೊಟ್ಟ ಮೇಲೆ ಎರಡನೆಯ ದಿನ ಸಂಜೆ ಚುಕ್ಕಿ ತಲೆ ಎತ್ತಿ ನೋಡಿತು. ಮೂತ್ರಪಿಂಡಗಳು ಮೊದಲಿನಂತಾಗಲಿಲ್ಲ, ಆಗುವುದೂ ಇಲ್ಲ. ಆದರೆ ಪ್ರಾಣಭಯ ತಂದ ತೊಂದರೆ ಮಾತ್ರ ವಾಸಿಯಾಗುವಂಥದಾಗಿತ್ತು.

ವೈದ್ಯರನ್ನು ಏನು ಕೇಳಬೇಕು?

ಗಾಬರಿಯಲ್ಲಿ ಕೇಳಬೇಕಾದುದು ಮರೆತುಹೋಗುತ್ತದೆ. ಈ ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

1. ಕಾಯಿಲೆ ಗುಣವಾಗುವಂಥದೋ, ಹತೋಟಿಗೆ ಮಾತ್ರ ಬರುವಂಥದೋ?
2. ಈ ಪರೀಕ್ಷೆಯ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಬದಲಾಗದಿದ್ದರೆ ಅದು ಬೇಕೇ?
3. ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದು ಎಷ್ಟು ದಿನದಲ್ಲಿ ತಿಳಿಯುತ್ತದೆ?
4. ಮನೆಯಲ್ಲಿ ದಿನವೂ ನಾವು ಏನೇನು ಮಾಡಬೇಕಾಗುತ್ತದೆ?
5. ಈಗಿನ ಖರ್ಚು ಎಷ್ಟು, ಮುಂದೆ ತಿಂಗಳಿಗೆ ಎಷ್ಟು?

ಕೊನೆಯ ಪ್ರಶ್ನೆ ಕೇಳಲು ಅನೇಕರು ನಾಚುತ್ತಾರೆ. ನಾಚಿಕೆ ಬೇಡ. ಮಕ್ಕಳ ಶಾಲೆಯ ಶುಲ್ಕ, ಹಿರಿಯರ ಔಷಧಿ ಇವೆಲ್ಲವೂ ಇರುವ ಮನೆಯಲ್ಲಿ ಖರ್ಚಿನ ಮಿತಿ ಇದ್ದೇ ಇರುತ್ತದೆ. ಅದನ್ನು ಮೊದಲೇ ಹೇಳಿದರೆ ವೈದ್ಯರು ಅತ್ಯಗತ್ಯವಾದುದನ್ನು ಮುಂದಿಟ್ಟು ಉಳಿದುದನ್ನು ಬಿಡಬಹುದು. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಊರಿನ ವೈದ್ಯರು ಬೇರೆಡೆಗೆ ಒಯ್ಯಲು ಹೇಳಿದರೆ ಅಲ್ಲಿನ ಆಸ್ಪತ್ರೆಗಳಲ್ಲೂ ವಿಚಾರಿಸಬಹುದು.

ಚುಕ್ಕಿಯ ಹಲ್ಲುಗಳೂ ಹುಳುಕಾಗಿದ್ದವು. ಅರಿವಳಿಕೆ ಕೊಟ್ಟು ಕೀಳಿಸುವ ಮಾತು ಬಂದಾಗ ಬೇಡವೆಂದು ತೀರ್ಮಾನಿಸಿದೆವು. ತಿನ್ನಲು ಅಡ್ಡಿಯಾಗದಷ್ಟು ಹಲ್ಲುನೋವಿಗೆ, ಆ ಮೂತ್ರಪಿಂಡಗಳ ಮೇಲೆ ಅರಿವಳಿಕೆಯ ಹೊರೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಎಲ್ಲವನ್ನೂ ಮಾಡಬೇಕು ಅಥವಾ ಏನನ್ನೂ ಮಾಡಬಾರದು ಎಂಬ ಎರಡೇ ದಾರಿಗಳಿಲ್ಲ. ನಡುವೆ ಬೇಕಾದಷ್ಟು ದಾರಿಗಳಿವೆ.

ಮನೆಯ ಆರೈಕೆ

ನೀರಿನ ಬಟ್ಟಲುಗಳನ್ನು ಎರಡು-ಮೂರು ಕಡೆ ಇಡಿ. ಮಲವಿಸರ್ಜನೆಯ ಮರಳಿನ ತಟ್ಟೆಯ ಅಂಚು ತಗ್ಗಾಗಿರಲಿ. ಕೀಲುನೋವಿನ ಬೆಕ್ಕು ಎತ್ತರದ ಅಂಚು ದಾಟಲಾರದೆ ಹೊರಗೆ ಮಾಡುತ್ತದೆ; ಬೈದು ಪ್ರಯೋಜನವಿಲ್ಲ. ಬೆಚ್ಚನೆಯ ಹಾಸಿಗೆ ನೆಲಕ್ಕೆ ಹತ್ತಿರವಿರಲಿ.

ಮೂತ್ರಪಿಂಡದ ಕಾಯಿಲೆಗೆ ರಂಜಕ ಕಡಿಮೆಯಿರುವ ವಿಶೇಷ ಆಹಾರ ಒಳ್ಳೆಯದು. ಆದರೆ ಅದನ್ನು ಮುಟ್ಟದೆ ಉಪವಾಸ ಕೂರುವ ಬೆಕ್ಕಿಗೆ ಮೊದಲು ಅದು ಇಷ್ಟಪಡುವುದನ್ನೇ ತಿನ್ನಿಸಿ. ಎರಡು ದಿನ ಏನೂ ತಿನ್ನದ ಬೆಕ್ಕಿಗೆ, ಅದರಲ್ಲೂ ದಪ್ಪಗಿರುವುದಕ್ಕೆ, ಯಕೃತ್ತಿನಲ್ಲಿ ಕೊಬ್ಬು ತುಂಬುವ ಅಪಾಯವಿದೆ. ಬರೀ ಹಾಲು-ಅನ್ನ, ಮೊಸರನ್ನದಲ್ಲಿ ಬೆಕ್ಕು ಬದುಕಲಾರದು. ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಮಾಂಸಾಹಾರದಿಂದಲೇ ಸಿಗಬೇಕು; ಕೊರತೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಸಸ್ಯಾಹಾರಿ ಮನೆಗಳಲ್ಲಿ ಸಿದ್ಧ ಬೆಕ್ಕಿನ ಆಹಾರ ಅನುಕೂಲ. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಪದಾರ್ಥ ಕೊಡಬೇಡಿ.

ವಾರಕ್ಕೊಮ್ಮೆ ತೂಕ ನೋಡಿ. 3 ಕಿಲೋ ಬೆಕ್ಕು 100 ಗ್ರಾಂ ಕಳೆದುಕೊಂಡರೆ 60 ಕಿಲೋ ಮನುಷ್ಯ 2 ಕಿಲೋ ಕಳೆದುಕೊಂಡಂತೆ. ವೈದ್ಯರು ಕಲಿಸಿಕೊಟ್ಟರೆ ಚರ್ಮದ ಕೆಳಗೆ ಡ್ರಿಪ್ ದ್ರವ ಕೊಡುವುದನ್ನು ಮನೆಯಲ್ಲೇ ಮಾಡಬಹುದು. ಚುಕ್ಕಿಗೆ ಇದನ್ನು ಕೊಡಲು ಕಲಿತವರು ಆ ಮನೆಯ ಸೊಸೆ. ಅಜ್ಜಿಯ ತೊಡೆಯ ಮೇಲೆ ಕೂರಿಸಿದರೆ ಬೆಕ್ಕು ಮಿಸುಕಾಡುತ್ತಿರಲಿಲ್ಲ.

ಮನುಷ್ಯರ ಔಷಧಿಯನ್ನು ನೀವಾಗಿಯೇ ಎಂದೂ ಕೊಡಬೇಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಮೈಕೈ ನೋವಿನ ಮಾತ್ರೆಗಳು ಮೂತ್ರಪಿಂಡ ಕೆಡಿಸುತ್ತವೆ. ಚುಕ್ಕಿಯ ರಕ್ತದೊತ್ತಡಕ್ಕೆ ಬರೆದುಕೊಟ್ಟ ಅಮ್ಲೋಡಿಪಿನ್ ಅಜ್ಜಿ ನುಂಗುತ್ತಿದ್ದ ಔಷಧವೇ ಆಗಿತ್ತು, ನಿಜ. ಆದರೆ ಬೆಕ್ಕಿಗೆ ಬೇಕಾದುದು ಮಾತ್ರೆಯ ಬಹು ಚಿಕ್ಕ ಚೂರು. ಆ ಲೆಕ್ಕ ವೈದ್ಯರದೇ ಆಗಿರಬೇಕು.

ತಡಮಾಡಬಾರದ ಲಕ್ಷಣಗಳು

ಬಾಯಿ ತೆರೆದು ಏದುಸಿರು ಬಿಡುವುದು, ಹಿಂಗಾಲು ತಣ್ಣಗಾಗಿ ನೋವಿನಿಂದ ಕೂಗುವುದು, ಇದ್ದಕ್ಕಿದ್ದಂತೆ ಕಣ್ಣು ಕಾಣದಾಗುವುದು, ಗಂಡು ಬೆಕ್ಕು ಮುಕ್ಕಿದರೂ ಮೂತ್ರ ಬಾರದಿರುವುದು, ಸೆಳವು, ನಿಲ್ಲದ ವಾಂತಿ. ಇವುಗಳಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಎನ್ನಬೇಡಿ.

ಎಲ್ಲಿಗೆ ಸಾಕು?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟರು. ನೋವು ಹತೋಟಿಯಲ್ಲಿದೆಯೇ, ತಿನ್ನುತ್ತಿದೆಯೇ, ದೇಹದಲ್ಲಿ ನೀರಿನಂಶ ಸಾಕಷ್ಟಿದೆಯೇ, ಮೈ ಶುಚಿಯಾಗಿದೆಯೇ, ಗೆಲುವಾಗಿದೆಯೇ, ಓಡಾಡುತ್ತಿದೆಯೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ? ಈ ಏಳಕ್ಕೂ ಹತ್ತರಂತೆ ಅಂಕ ಕೊಟ್ಟು ಕೂಡಿದಾಗ 35ಕ್ಕಿಂತ ಹೆಚ್ಚು ಬಂದರೆ ಆರೈಕೆ ಮುಂದುವರಿಸಬಹುದು ಎಂದು ಅವರ ಸಲಹೆ. ಮನೆಯವರೆಲ್ಲ ಬೇರೆ ಬೇರೆಯಾಗಿ ಅಂಕ ಕೊಟ್ಟು ನೋಡಿ. ಜಗಳವಾಗುವ ಕಡೆ ಮಾತುಕತೆಯಾಗುತ್ತದೆ.

ಅಂಕ ಇಳಿಯುತ್ತಲೇ ಹೋದರೆ ನೋವಿಲ್ಲದ ದಯಾಮರಣದ ಬಗ್ಗೆ ವೈದ್ಯರೊಡನೆ ಮಾತಾಡಬಹುದು. ಮೊದಲು ಮಂಪರು ತರಿಸಿ, ಬಳಿಕ ಅರಿವಳಿಕೆಯ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಪ್ರಾಣಿ ನಿದ್ದೆಯಲ್ಲೇ ಹೋಗುತ್ತದೆ. ಇದಕ್ಕೆ ಮನಸ್ಸು ಒಪ್ಪದ ಮನೆಗಳೂ ಇವೆ. ಅಂಥವರು ನೋವು ಮತ್ತು ವಾಕರಿಕೆ ಶಮನಗೊಳಿಸುವ ಔಷಧಿಯನ್ನಾದರೂ ಕೊನೆಯವರೆಗೆ ಕೊಡಿಸಬೇಕು. ಗೋಣಿಚೀಲದಲ್ಲಿ ಹಾಕಿ ಮೀನು ಮಾರುಕಟ್ಟೆಯ ಬಳಿ ಬಿಟ್ಟುಬರುವುದು ಮಾತ್ರ ಸಲ್ಲದು. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಚುಕ್ಕಿ ಆಮೇಲೆ ಹನ್ನೊಂದು ತಿಂಗಳು ಬದುಕಿತು. ಅಜ್ಜಿ ಗೋಡೆಯ ಕ್ಯಾಲೆಂಡರಿನಲ್ಲಿ ಬೆಕ್ಕು ಚೆನ್ನಾಗಿದ್ದ ದಿನಕ್ಕೆಲ್ಲ ಕುಂಕುಮದ ಬೊಟ್ಟು ಇಡುತ್ತಿದ್ದರು. ಹತ್ತು ತಿಂಗಳು ಹಾಳೆಗಳು ಕೆಂಪಾಗಿಯೇ ಇದ್ದವು. ಹನ್ನೊಂದನೆಯ ತಿಂಗಳಲ್ಲಿ ಕಂಡದ್ದು ನಾಲ್ಕೇ ಬೊಟ್ಟು. 'ಇನ್ನೊಂದು ಸಲ ಡ್ರಿಪ್ ಕೊಡಿಸಿ ನೋಡೋಣವಾ?' ಎಂದು ಈ ಬಾರಿ ಕೇಳಿದವರು ಮಗ. ಅಜ್ಜಿ ಕ್ಯಾಲೆಂಡರನ್ನು ಕೈಗೆ ಕೊಟ್ಟು, 'ಸಾಕು ಕಣೋ, ಅದಕ್ಕೆ ಸಾಕಾಗಿದೆ' ಎಂದರಂತೆ. ಮರುದಿನ ಅವರ ಮನೆಗೇ ಹೋದೆ. ಚುಕ್ಕಿ ಅಜ್ಜಿಯ ತೊಡೆಯ ಮೇಲಿತ್ತು.

ನಿಮ್ಮ ಮನೆಯ ಬೆಕ್ಕಿಗೆ ಹತ್ತು ದಾಟಿದ್ದರೆ ಗಾಬರಿಯ ದಿನಕ್ಕಾಗಿ ಕಾಯಬೇಡಿ. ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಿ, ತೂಕ ಬರೆದಿಡಿ. ಕ್ಯಾಲೆಂಡರ್ ಹೇಗೂ ಗೋಡೆಯ ಮೇಲೆ ಇದ್ದೇ ಇದೆ.